ಮೂರಡಿಯ ಬೆಂಗಳೂರು

ಎರಡು ವರ್ಷ ಆಗತಾನೆ ತುಂಬಿದ್ದ ಮೊಮ್ಮಗಳನ್ನು ಹೆಗಲ ಮೇಲೆ ಕುಳ್ಳಿರಿಸಿಕೊಂಡು, ಗಣರಾಜ್ಯೋತ್ಸವದ ಸಮಯದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವನ್ನು ನೋಡಲು ಲಾಲ್‌ಬಾಗಿನ ಗಾಜಿನ ಮನೆಯನ್ನು ಹೊಕ್ಕು, ಹೂವುಗಳಿಂದಲೇ ನಿರ್ಮಿತವಾದ ಆ ಬೃಹದಾಕೃತಿಗಳನ್ನು ಆ ಪುಟ್ಟ ಕಣ್ಣುಗಳಿಗೆ ತೋರಿಸಿ ಕೃತಾರ್ಥನಾಗಬೇಕೆಂದಿದ್ದ ನನ್ನ ಮನೋರಥವು, ಜನಸಂದಣಿಯಲ್ಲಿ ಅರ್ಧ ಗಂಟೆ ನೂಕಿಸಿಕೊಂಡು ಸಾಗಿದ ಮೇಲೆ ಯಾವ ರೀತಿಯಲ್ಲಿ ಭಗ್ನವಾಯಿತೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು. ಮಗು ಹೂವನ್ನು ನೋಡಲಿಲ್ಲ. ಕೆಳಗಿಳಿಸೆಂದು ಹಟ ಹಿಡಿಯಿತು, ಇಳಿಸಿದರೆ ಅದರ ಕಣ್ಣೆದುರಿಗಿದ್ದದ್ದು ಅಪರಿಚಿತರ ಮೊಣಕಾಲುಗಳು, ಕೈಚೀಲಗಳು, ಸೀರೆಯ ನಿರಿಗೆಗಳು, ಇವಿಷ್ಟೆ, ಬೆದರಿ ಅತ್ತಿತು. ಹೊರಗೆ ಕರೆತಂದೆವು. ಅಲ್ಲಿ ಒಂದು ನಲ್ಲಿಯ ಬುಡದಲ್ಲಿ ನಿಂತಿದ್ದ ಬೊಗಸೆ ನೀರಿನಲ್ಲಿ ರೆಕ್ಕೆ ಬಡಿದು ಸ್ನಾನ ಮಾಡುತ್ತಿದ್ದ ಕಾಗೆಯೊಂದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಉಸಿರು ಬಿಗಿಹಿಡಿದು, ಕಾಗೆ ಹಾರಿಹೋಗುವವರೆಗೂ ನೋಡಿತು. ಹಾರಿಹೋದ ಮೇಲೂ ಅದು ಮತ್ತೆ ಬರುವುದೆಂದು ಬಹಳ ಹೊತ್ತು ಕಾದಿತು.

"ಕಾಗೆ ನಮ್ಮನೆ ಮುಂದೇನೇ ಇತ್ತಲ್ಲಪ್ಪಾ, ಟಿಕೆಟ್ ತಗೊಂಡು ಇಲ್ಲೀವರೆಗೂ ಬರಬೇಕಿತ್ತೇ?" ಎಂದು ಮಗಳು ನಕ್ಕಳು. ಆ ನಗೆಯಲ್ಲಿದ್ದ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಆ ಬಳಿಕದ ಹಲವು ಭಾನುವಾರಗಳನ್ನು ನಾನು ಕಳೆದಿದ್ದೇನೆ.

ನಮ್ಮ ಮನೆಗಳಲ್ಲಿ, ಮಕ್ಕಳ ಭಾಷೆಯಲ್ಲಿ, ಹೊರಗೆ ಹೋಗುವುದಕ್ಕೆ 'ಟಾಟಾ' ಎಂಬ ಹೆಸರುಂಟಷ್ಟೆ. ಆ ಶಬ್ದದ ಅರ್ಥವ್ಯಾಪ್ತಿಯನ್ನು ಹಿರಿಯರು ಇನ್ನೂ ಸರಿಯಾಗಿ ಗ್ರಹಿಸಿಲ್ಲವೆಂದು ನನಗೆ ತೋರುತ್ತದೆ. ಹಿರಿಯರಿಗೆ ವಿಹಾರವೆಂಬುದು ಒಂದು ಬಗೆಯ ತೀರ್ಥಯಾತ್ರೆ. ಮೂಲಮೂರ್ತಿಯ ದರ್ಶನವಾಗುವ ತನಕ ನಡುದಾರಿಯ ಮಂಟಪ, ಮರ, ಅಂಗಡಿಗಳೆಲ್ಲ ಗೌಣ. ಮಗುವಿಗಾದರೋ, ಚಪ್ಪಲಿ ಕಾಲಿಗೇರಿ ಹೊಸ್ತಿಲು ದಾಟಿದ ಕ್ಷಣದಲ್ಲಿಯೇ ಟಾಟಾ ಪರಿಪೂರ್ಣವಾಗಿ ಪ್ರಾರಂಭವಾಗಿರುತ್ತದೆ. ಗೇಟಿನ ಚಿಲಕ, ಮೋರಿಯ ಮೇಲೆ ಹಾಸಿದ ಕಲ್ಲುಚಪ್ಪಡಿ, ಎದುರು ಮನೆಯ ರಂಗೋಲಿ, ಅದರ ಮೇಲೆ ಸಾಲುಗಟ್ಟಿದ ಇರುವೆ, ಇವುಗಳಲ್ಲಿ ಪ್ರತಿಯೊಂದೂ ಅದಕ್ಕೆ ಗರ್ಭಗುಡಿಯೇ. ಎರಡು ತುಂಬಿದ ಹೆಣ್ಣುಮಗುವಿನ ಎತ್ತರ, ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ, ಸರಾಸರಿ ಸುಮಾರು 86 ಸೆಂಟಿಮೀಟರು. ವಾಮನನು ಬಲಿಯನ್ನು ಬೇಡಿದ್ದು ಮೂರಡಿ ನೆಲವನ್ನು. ಈ ವಾಮನಮೂರ್ತಿಗಳ ಎತ್ತರವೇ ಮೂರಡಿಗೆ ಕಡಿಮೆ. ಆದಕಾರಣ ಅವರ ಬೆಂಗಳೂರೂ ನಮ್ಮದಲ್ಲ; ಅದು ನೆಲದಿಂದ ಮೂರಡಿ ಎತ್ತರದೊಳಗೆ ಸಮಾಪ್ತವಾಗುವ ಬೇರೊಂದು ಪಟ್ಟಣ. ಆ ಪಟ್ಟಣದಲ್ಲಿ ವಿಧಾನಸೌಧವು ಬಹುಮಟ್ಟಿಗೆ ಇಲ್ಲ. ಅದರ ಮುಂದಿನ ಕಬ್ಬಿಣದ ಬೇಲಿ ಮಾತ್ರ ಇದೆ.

ಈ ಪುರವಾಸಿಗಳ ಸಂಚಾರಕ್ರಮವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರೂ ಇದ್ದಾರೆ. ನ್ಯೂಯಾರ್ಕಿನ ಮನೋವಿಜ್ಞಾನಿ ಕ್ಯಾರೆನ್ ಅಡಾಲ್ಫ್ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹನ್ನೆರಡರಿಂದ ಹತ್ತೊಂಬತ್ತು ತಿಂಗಳೊಳಗಿನ ಮಕ್ಕಳು ತಮ್ಮಷ್ಟಕ್ಕೆ ಆಡುವಾಗ ಒಂದು ಗಂಟೆಗೆ ಸರಾಸರಿ 2,368 ಹೆಜ್ಜೆಗಳನ್ನಿಟ್ಟು, 701 ಮೀಟರು ದೂರವನ್ನು ಕ್ರಮಿಸಿ, 17 ಸಲ ಬೀಳುತ್ತಾರೆ. ಗಂಟೆಗೆ ಹದಿನೇಳು ಪತನಗಳನ್ನು ಸಹಿಸಿಯೂ ಮರುಕ್ಷಣದಲ್ಲೇ ಎದ್ದು ಹೊರಡುವ ಈ ಧೈರ್ಯ ನಮ್ಮಲ್ಲಿ ಯಾರಿಗುಂಟು! ಅಡುಗೆಮನೆಯಿಂದ ಜಗುಲಿಗೆ, ಜಗುಲಿಯಿಂದ ಮತ್ತೆ ಅಡುಗೆಮನೆಗೆ, ಹೀಗೆ ಗೊತ್ತುಗುರಿಯಿಲ್ಲದೆ ಆಗುವ ಈ ನಡಿಗೆಯನ್ನು ನೇರ ದಾರಿಗೆ ಹಚ್ಚುತ್ತೇನೆಂದು ಹೊರಟವನಿಗೆ ಆಯಾಸವಲ್ಲದೆ ಬೇರೆ ಫಲವಿಲ್ಲ. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣದಿಂದ ಅನೇಕ ವರ್ಷ ಈ ದೇಶದಲ್ಲಿಯೇ ನೆಲೆನಿಂತು ಶಿಕ್ಷಕರನ್ನು ತಯಾರು ಮಾಡಿದ ಮರಿಯಾ ಮಾಂಟೆಸೊರಿ ಅವರು ಈ ವಿಷಯವನ್ನು ಬಹು ಹಿಂದೆಯೇ ಕಂಡುಕೊಂಡಿದ್ದರು: ಮಗುವಿನ ವೇಗಕ್ಕೆ ಹಿರಿಯನು ತನ್ನ ವೇಗವನ್ನು ಒಗ್ಗಿಸಿಕೊಂಡನಾದರೆ, ನಡುನಡುವೆ ಅದು ನಿಂತಲ್ಲಿ ತಾನೂ ನಿಂತನಾದರೆ, ಎರಡು ವರ್ಷದ ಕೂಸು ನಾವು ಊಹಿಸಲಾರದಷ್ಟು ದೂರ ನಡೆಯಬಲ್ಲದೆಂಬುದೇ ಅವರ ಅನುಭವಸಿದ್ಧವಾದ ಅಭಿಪ್ರಾಯ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ, ಒಂದು-ಎರಡು ವರ್ಷದ ಮಗುವಿಗೆ ದಿನಕ್ಕೆ ಒಟ್ಟಾರೆ ಮೂರು ಗಂಟೆಯಾದರೂ ಮೈಕೈ ಆಡುವ ಚಟುವಟಿಕೆಯೂ, ಹಗಲು ನಿದ್ದೆ ಸೇರಿ ಹನ್ನೊಂದರಿಂದ ಹದಿನಾಲ್ಕು ಗಂಟೆ ನಿದ್ದೆಯೂ ಬೇಕೆಂದು ಹೇಳಿರುವುದಲ್ಲದೆ, ಅದನ್ನು ಕುರ್ಚಿಗಾಗಲಿ ತಳ್ಳುಗಾಡಿಗಾಗಲಿ ಬಿಗಿದು ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಾಲ ಕೂರಿಸಬಾರದೆಂದೂ ಇದೆ. ಈ ಕೊನೆಯ ಮಾತನ್ನು ಸಿಲ್ಕ್ ಬೋರ್ಡ್ ವೃತ್ತದಲ್ಲಿ ನಿಂತ ಕಾರಿನೊಳಗೆ ಕುಳಿತು ಒಮ್ಮೆ ಮನನ ಮಾಡಿದರೆ, ಬೆಂಗಳೂರಿನ ತಂದೆತಾಯಿಗಳು ಭಾನುವಾರದ ವಿಹಾರಗಳಿಂದ ಬಳಲಿ ಬೆಂಡಾಗಿ ಮನೆಗೆ ಮರಳುವುದೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ದೂರದ ಮೃಗಾಲಯ, ದೂರದ ಜಲವಿಹಾರ, ದೂರದ ಇನ್ನೇನೋ. ಹೋಗುವುದಕ್ಕೆ ಒಂದೂವರೆ ಗಂಟೆ, ಬರುವುದಕ್ಕೆ ಎರಡು. ನಡುವೆ ಮಗುವಿನ ನಿದ್ದೆಯ ವೇಳೆ ಬಂದು ಸಿಂಹದ ಬೋನಿನ ಮುಂದೆ ಅದು ಗಾಢನಿದ್ರೆಯಲ್ಲಿರುತ್ತದೆ. ಅದಕ್ಕಾಗಿ ನಾನು ಕಂಡುಕೊಂಡ ಮಾರ್ಗ ಬಹಳ ಸರಳವಾದುದು: ಬೆಳಗ್ಗೆ ಏಳೂವರೆಗೆ ಹೊರಡುವುದು, ಹತ್ತೂವರೆಯೊಳಗೆ ಹಿಂದಿರುಗುವುದು, ಒಂದು ದಿನಕ್ಕೆ ಒಂದೇ ಸ್ಥಳ, ಆ ಸ್ಥಳದಲ್ಲಿಯೂ ಒಂದೇ ಮೂಲೆ.

ಲಾಲ್‌ಬಾಗನ್ನೇ ಮತ್ತೆ ತೆಗೆದುಕೊಳ್ಳೋಣ. 1760ರಲ್ಲಿ ಹೈದರಾಲಿ ಹಾಕಿಸಿದ ಈ ತೋಟ ಇಂದು 240 ಎಕರೆ; 1889ರಲ್ಲಿ ಅಸ್ತಿವಾರ ಹಾಕಿದ ಗಾಜಿನ ಮನೆ ಲಂಡನ್ನಿನ ಸ್ಫಟಿಕಸೌಧವನ್ನು ನೆನಪಿಗೆ ತರುವಂಥದು. ಇವೆಲ್ಲ ತಾತಂದಿರ ಸಂಗತಿಗಳು. ಮೊಮ್ಮಕ್ಕಳ ಸಂಗತಿಯೇನೆಂದರೆ, ತೋಟದೊಳಗೆ ಒಂದು ಬಂಡೆಯಿದೆ. ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವನ್ನು ಹೊತ್ತು, ಆನೆಯ ಬೆನ್ನಿನಂತೆ ನುಣುಪಾಗಿ ಇಳಿದಿರುವ ಈ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷಗಳೆಂದೂ, ದಕ್ಷಿಣ ಭಾರತದ ತಳಪಾಯವಾದ ಪ್ರಾಚೀನ ಶಿಲಾವರ್ಗಕ್ಕೆ ಇದು ಸೇರಿದ್ದೆಂದೂ ಭೂವಿಜ್ಞಾನಿಗಳು ಹೇಳುತ್ತಾರೆ. 1975ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಭೂಮಿಯ ಮೇಲೆ ನಡೆಯಲು ಕಲಿತು ಒಂದು ವರ್ಷವಾದ ಕಾಲುಗಳು ಮುನ್ನೂರು ಕೋಟಿ ವರ್ಷದ ನೆಲವನ್ನು ಏರುವುದನ್ನು ನೋಡುವಾಗ, ನಾನಾದರೂ ಸ್ವಲ್ಪ ಹೊತ್ತು ಮಾತು ಬಿಟ್ಟು ನಿಂತೆ. ಮಗುವಿಗೆ ಇಂಥ ಭಾವುಕತೆ ಏನೂ ಇರಲಿಲ್ಲ. ಅದು ಏರುವಾಗ ನಾಲ್ಕು ಕಾಲಿನ ಪ್ರಾಣಿಯಾಯಿತು, ಇಳಿಯುವಾಗ ಅಂಡಿನ ಮೇಲೆ ಜಾರಿತು, ಬಂಡೆಯ ಗುಳಿಯಲ್ಲಿ ನಿಂತಿದ್ದ ಮಳೆನೀರಿಗೆ ಕೈಯದ್ದಿತು. ಹೂಗಡಿಯಾರದ ಸುತ್ತ ನಿಲ್ಲಿಸಿರುವ ಹಿಮಬಾಲೆ ಮತ್ತು ಏಳು ಕುಳ್ಳರ ಗೊಂಬೆಗಳು ತನ್ನಷ್ಟೇ ಎತ್ತರದವರೆಂಬ ಕಾರಣಕ್ಕೋ ಏನೋ, ಅವರಿಗೆ ಮಾತ್ರ ದೂರದಿಂದಲೇ ಕೈಬೀಸಿ ಟಾಟಾ ಹೇಳಿತು. ಬಂಡೆಯ ವಿಷಯದಲ್ಲಿ ಒಂದು ಎಚ್ಚರಿಕೆ: ಬೇಸಗೆಯಲ್ಲಿ ಹತ್ತು ಗಂಟೆಯ ಮೇಲೆ ಕಲ್ಲು ಕಾದ ಕಾವಲಿಯಂತಾಗುವುದರಿಂದ, ಬರಿಗಾಲಿನ ಸುಖವು ಬೆಳಗಿನವರಿಗೆ ಮಾತ್ರ ಲಭ್ಯ.

ಕಬ್ಬನ್ ಪಾರ್ಕಿನ ವಿಷಯದಲ್ಲಿ ನನ್ನ ಪಕ್ಷಪಾತವನ್ನು ಮುಚ್ಚಿಡಲಾರೆ. 1870ರಲ್ಲಿ ಮುಖ್ಯ ಇಂಜಿನಿಯರ್ ರಿಚರ್ಡ್ ಸ್ಯಾಂಕಿ ಇದನ್ನು ಯೋಜಿಸಿದಾಗ, ಅಂದು ಮೈಸೂರಿನ ಹಂಗಾಮಿ ಕಮಿಷನರರಾಗಿದ್ದ ಜಾನ್ ಮೀಡ್ ಅವರ ಹೆಸರು ಇದಕ್ಕಿತ್ತು. ಅನಂತರ ಕಬ್ಬನ್ ಎಂದಾಗಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ನೆನಪಿಗೆ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ಹೆಸರು ಮೂರಾದರೂ ಜನ ಕರೆಯುವುದು ನಡುವಿನದನ್ನೇ. ಭಾನುವಾರಗಳಲ್ಲಿ ಉದ್ಯಾನದೊಳಗಿನ ರಸ್ತೆಗಳಿಗೆ ವಾಹನಗಳನ್ನು ಬಿಡುವುದಿಲ್ಲವೆಂಬುದೇ, ಪುಟ್ಟ ಮಕ್ಕಳ ದೃಷ್ಟಿಯಿಂದ ಹೇಳುವುದಾದರೆ, ಈ ನಗರದಲ್ಲಿ ಇತ್ತೀಚೆಗೆ ನಡೆದಿರುವ ಅತ್ಯಂತ ದೊಡ್ಡ ಲೋಕೋಪಕಾರ. ಏಕೆಂದರೆ ಬೆಂಗಳೂರಿನ ಮಗುವಿನ ಕೈ ಸದಾ ಯಾರದೋ ಹಿಡಿತದಲ್ಲಿರುತ್ತದೆ. 'ಗಾಡಿ ಬಂತು, ಗಾಡಿ ಬಂತು' ಎಂಬುದು ಅದು ಕೇಳುವ ಮೊದಲ ವಾಕ್ಯಗಳಲ್ಲೊಂದು. ಡಾಂಬರು ರಸ್ತೆಯ ನಟ್ಟನಡುವೆ ನಿಂತು, ಎರಡೂ ಕೈ ಬಿಡಿಸಿಕೊಂಡು, ಯಾರೂ ಹಿಂದೆ ಕೂಗದಿರುವುದನ್ನು ಅಚ್ಚರಿಯಿಂದ ಗಮನಿಸಿ, ಅನಂತರ ಓಡತೊಡಗುವ ಮಗುವಿನ ಮುಖವನ್ನು ಒಮ್ಮೆ ನೋಡಬೇಕು.

ಅಲ್ಲಿಯ ಬಿದಿರು ಮೆಳೆಗಳ ಬಳಿ ನೆಲಕ್ಕೆ ಉದುರಿರುವ ಒಣಗರಿಗಳನ್ನು ತುಳಿದರೆ ಸದ್ದಾಗುತ್ತದೆ. ಈ ಒಂದು ಆವಿಷ್ಕಾರದಿಂದಲೇ ನಮ್ಮ ಮುಕ್ಕಾಲು ಗಂಟೆ ಸಂದಿತು. ಮರದ ಬೇರುಗಳು ನೆಲದ ಮೇಲೆ ಹರಡಿರುವ ಕಡೆಗಳಲ್ಲಿ ಅವನ್ನು ದಾಟುವುದು ಸಮುದ್ರಲಂಘನದಷ್ಟು ದೊಡ್ಡ ಸಾಹಸ. ಅಷ್ಟರಲ್ಲಿ ಅದೇ ಪ್ರಾಯದ ಇನ್ನೊಂದು ಮಗು ಬಂತು. ಎರಡೂ ಒಂದನ್ನೊಂದು ದಿಟ್ಟಿಸಿ ನೋಡಿ, ಮಾರುದೂರದಲ್ಲಿ ಬೇರೆ ಬೇರೆಯಾಗಿ ಕುಳಿತು, ಮಾತಿಲ್ಲದೆ ತಂತಮ್ಮ ಮಣ್ಣನ್ನು ಕೆದಕತೊಡಗಿದವು. "ಹಾಯ್ ಹೇಳಮ್ಮ, ಫ್ರೆಂಡ್ ಮಾಡ್ಕೋ" ಎಂದು ಆ ಮಗುವಿನ ತಾಯಿ ಎಷ್ಟೋ ಪ್ರೋತ್ಸಾಹಿಸಿದರು. ಪ್ರಯೋಜನವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಮಿಲ್ಡ್ರೆಡ್ ಪಾರ್ಟನ್ ಎಂಬ ಸಮಾಜವಿಜ್ಞಾನಿ 1932ರಲ್ಲಿಯೇ ಇದನ್ನು ಸಮಾನಾಂತರ ಕ್ರೀಡೆಯೆಂದು ಗುರುತಿಸಿದ್ದಾರೆ: ಪಕ್ಕಪಕ್ಕದಲ್ಲಿದ್ದೂ ಬೇರೆ ಬೇರೆಯಾಗಿ ಆಡುವುದು ಈ ವಯಸ್ಸಿನ ಸ್ವಭಾವಧರ್ಮ, ಕೂಡಿ ಆಡುವ ಕಲೆ ಮುಂದೆ ಬರತಕ್ಕದ್ದು. ದೊಡ್ಡವರಲ್ಲಿಯೂ ಉತ್ತಮ ಸ್ನೇಹಗಳು ಹೀಗೆಯೇ ಇರುತ್ತವೆಯಲ್ಲವೆ? ಹೋಗಲಿ, ಅದು ಬೇರೆ ವಿಷಯ.

ಅದೇ ಉದ್ಯಾನದೊಳಗಿನ ಜವಾಹರ ಬಾಲಭವನದಲ್ಲಿ 'ಪುಟಾಣಿ ಎಕ್ಸ್‌ಪ್ರೆಸ್' ಎಂಬ ಆಟದ ರೈಲುಂಟು. ಬೆಂಗಳೂರಿನಲ್ಲಿ ಬೆಳೆದ ತಂದೆತಾಯಿಗಳಲ್ಲಿ ಇದನ್ನು ಹತ್ತದವರು ವಿರಳ; ಹಾಗಾಗಿ ತಮ್ಮ ಮಕ್ಕಳನ್ನು ಕೂರಿಸಿ ತಾವೂ ಕುಳಿತುಕೊಳ್ಳುವಾಗ ಅವರ ಮುಖದಲ್ಲಿಯೇ ಹೆಚ್ಚಿನ ಸಂತೋಷ ಕಾಣುತ್ತದೆ. ರೈಲು ಓಡುತ್ತಿದೆಯೇ ಎಂಬುದನ್ನು ವಿಚಾರಿಸಿಕೊಂಡು ಹೋಗುವುದು ಕ್ಷೇಮ. 'ಚುಕುಬುಕು ಇವತ್ತು ಮಲ್ಕೊಂಡಿದೆ' ಎಂಬ ಸಮಾಧಾನವನ್ನು ಎರಡು ವರ್ಷದವರು ಒಂದು ಸಲಕ್ಕಿಂತ ಹೆಚ್ಚು ಒಪ್ಪುವುದಿಲ್ಲ.

ಆಟದ ರೈಲಿಗಿಂತಲೂ ನಿಜವಾದ ರೈಲೇ ನಮ್ಮ ಮನೆಯಲ್ಲಿ ಹೆಚ್ಚು ಜನಪ್ರಿಯವಾದದ್ದನ್ನು ಇಲ್ಲಿ ಹೇಳಬೇಕು. ನಮ್ಮ ಮೆಟ್ರೋ 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಮೊದಲು ಓಡಿತು. ಅಲ್ಲಿಂದ ಮುಂದಿನ ಸುರಂಗಮಾರ್ಗ ತೆರೆದದ್ದು 2016ರಲ್ಲಿ. ಇಂದಿರಾನಗರದಲ್ಲಿ ಹತ್ತಿ ಕಿಟಕಿಯ ಬಳಿ ಮಗುವನ್ನು ನಿಲ್ಲಿಸಿಕೊಂಡರೆ, ಮೊದಲು ಮರಗಳ ನೆತ್ತಿ ಕಾಣುತ್ತದೆ. ಮೂರಡಿಯ ಪಟ್ಟಣದ ನಿವಾಸಿಗೆ ಇದೊಂದು ವಿಶ್ವರೂಪದರ್ಶನ: ಇದುವರೆಗೆ ಬುಡವನ್ನು ಮಾತ್ರ ಕಂಡಿದ್ದ ಮರಕ್ಕೆ ತಲೆಯೂ ಇದೆಯೆಂಬುದು, ಮನೆಗಳಿಗೆ ಮಾಳಿಗೆಯಿದೆಯೆಂಬುದು, ಮಾಳಿಗೆಯ ಮೇಲೆ ಬಟ್ಟೆ ಒಣಗುತ್ತದೆಯೆಂಬುದು, ಬಸ್ಸುಗಳಿಗೆ ಬೆನ್ನುಂಟೆಂಬುದು ಆ ಹೊತ್ತಿನಲ್ಲಿ ತಿಳಿಯುತ್ತದೆ. ಆ ಬಳಿಕ, ಮಹಾತ್ಮಾ ಗಾಂಧಿ ರಸ್ತೆಯ ನಿಲ್ದಾಣವನ್ನು ಬಿಟ್ಟೊಡನೆ, ರೈಲು ಇಳಿಜಾರಾಗಿ ಇಳಿದು ಭೂಗರ್ಭವನ್ನು ಹೊಕ್ಕು, ಕಿಟಕಿಯಲ್ಲಿದ್ದ ಲೋಕವೆಲ್ಲ ಮಾಯವಾಗಿ, ಅದರ ಸ್ಥಾನದಲ್ಲಿ ಮಗುವಿನ ಮುಖವೇ ಪ್ರತಿಫಲಿಸುತ್ತದೆ. ನಮ್ಮವಳು ಪ್ರತಿ ಸಲವೂ "ಹೋಯ್ತು!" ಎಂದು ಕೂಗುತ್ತಾಳೆ; ಡಬ್ಬಿಯಲ್ಲಿರುವ ಅಪರಿಚಿತರೆಲ್ಲ ದೂರವಾಣಿಯಿಂದ ತಲೆಯೆತ್ತಿ ನೋಡುತ್ತಾರೆ. ಮುಂದಿನ ನಿಲ್ದಾಣವೇ ಕಬ್ಬನ್ ಪಾರ್ಕ್. ಒಂದು ಪುಟ್ಟ ವಿಹಾರದಲ್ಲಿ ಆಕಾಶ, ಪಾತಾಳ, ಉದ್ಯಾನಗಳೆಲ್ಲ ಹೀಗೆ ಕ್ರಮಬದ್ಧವಾಗಿ ಒದಗಿಬರುವುದು ಇನ್ನಾವ ಮಾರ್ಗದಲ್ಲಿಯೂ ಸಾಧ್ಯವಿಲ್ಲ. ಚಲಿಸುವ ಮೆಟ್ಟಿಲಿನ ಬಳಿ ಮಾತ್ರ ಮಗುವನ್ನು ಎತ್ತಿಕೊಳ್ಳಬೇಕು. ಸಡಿಲವಾದ ಲಂಗದ ಅಂಚೂ ಮೆತ್ತನೆಯ ರಬ್ಬರು ಚಪ್ಪಲಿಯೂ ಅಲ್ಲಿ ಸಿಕ್ಕಿಕೊಳ್ಳುವ ಭಯವುಂಟು. ಲಿಫ್ಟಿದ್ದರೆ ಅದೇ ಉತ್ತಮ. ಗುಂಡಿ ಒತ್ತುವ ಅಧಿಕಾರವೂ ಸಿಗುತ್ತದೆ.

ವಸ್ತುಸಂಗ್ರಹಾಲಯಗಳ ವಿಷಯದಲ್ಲಿ ನನ್ನ ಸಲಹೆ ಸಂಕ್ಷಿಪ್ತ: ಹೊರಗಡೆಯೇ ನಿಲ್ಲಿ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಅತ್ಯುತ್ತಮವಾದದ್ದೇ. ಎಂಟು ಹತ್ತು ವರ್ಷದವರಿಗೆ ಅದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಾಣೆ. ಆದರೆ ಎರಡು ವರ್ಷದವರಿಗೆ ಆವರಣದಲ್ಲಿ ನಿಲ್ಲಿಸಿರುವ ಹಬೆಯ ಎಂಜಿನ್ನೂ ವಿಮಾನವೂ ಸಾಕು. ಪಕ್ಕದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯವು 1865ರಷ್ಟು ಹಳೆಯ ಸಂಸ್ಥೆ. ಅದರ ಕೆಂಪು ಕಟ್ಟಡದ ಮೆಟ್ಟಿಲುಗಳನ್ನು ನಾವು ಏರಿದ್ದೇವೆ, ಇಳಿದಿದ್ದೇವೆ, ಮತ್ತೆ ಏರಿದ್ದೇವೆ. ಒಳಗಿನ ಶಾಸನಗಳು ಅಷ್ಟು ಶತಮಾನ ಕಾದಿವೆ, ಇನ್ನು ಆರು ವರ್ಷ ಕಾಯಲಾರವೇ?

ಬಸವನಗುಡಿಯ ದೊಡ್ಡ ಬಸವಣ್ಣನ ವಿಷಯ ಬೇರೆ. ಕೆಂಪೇಗೌಡರ ಕಾಲದ್ದೆಂದು ಹೇಳುವ ಆ ಗುಡಿಯಲ್ಲಿ, ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು ಹದಿನೈದಡಿ ಎತ್ತರದ ನಂದಿಯ ಮುಂದೆ ನಿಂತಾಗ, ದೊಡ್ಡದು ಚಿಕ್ಕದು ಎಂಬ ಭೇದವೇ ಮೊದಲ ಬಾರಿಗೆ ಮಗುವಿಗೆ ಅರಿವಾದಂತೆ ತೋರಿತು. ತಲೆಯನ್ನು ಹಿಂದಕ್ಕೆ ಬಾಗಿಸಿ, ಬಾಗಿಸಿ, ಕೊನೆಗೆ ಆಯತಪ್ಪಿ ಕುಳಿತೇಬಿಟ್ಟು, ಪಿಸುದನಿಯಲ್ಲಿ "ಅಂಬಾ" ಎಂದಿತು. ಕಾರ್ತಿಕದ ಕಡೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ. ಸುತ್ತಲಿನ ಹಳ್ಳಿಗಳ ಬೆಳೆಯನ್ನು ಮೇದುಹೋಗುತ್ತಿದ್ದ ಬಸವನನ್ನು ಶಾಂತಗೊಳಿಸಲು ರೈತರು ಮೊದಲ ಫಸಲನ್ನು ಒಪ್ಪಿಸತೊಡಗಿದರೆಂಬ ಐತಿಹ್ಯವನ್ನು ನಾನೂ ನನ್ನ ಅಜ್ಜಿಯ ಬಾಯಿಂದ ಕೇಳಿದ್ದೇನೆ. ಪರಿಷೆಗೆ ಮಗುವನ್ನು ಒಯ್ಯುವುದಾದರೆ, ಜನ ಸೇರುವ ಸಂಜೆಯನ್ನು ಬಿಟ್ಟು, ರಾಶಿಗಳನ್ನು ಆಗತಾನೆ ಸುರಿಯುತ್ತಿರುವ ಬೆಳಗಿನ ಹೊತ್ತಿನಲ್ಲಿ ಒಯ್ಯತಕ್ಕದ್ದು. ಮತ್ತು, ವಿಪರ್ಯಾಸವೆನ್ನಿಸಿದರೂ ಹೇಳಲೇಬೇಕಾದದ್ದು: ಕಡಲೆಕಾಯಿಯನ್ನು ಅದಕ್ಕೆ ತಿನ್ನಿಸಕೂಡದು. ಈ ವಯಸ್ಸಿನಲ್ಲಿ ಕಾಳನ್ನು ಅರೆಯುವ ಹಿಂದವಡೆಗಳು ಪೂರ್ತಿ ಹುಟ್ಟಿರುವುದಿಲ್ಲ, ಶ್ವಾಸನಾಳವೂ ಕಿರಿದು; ನಗುವಾಗಲೋ ಓಡುವಾಗಲೋ ಇಡೀ ಬೀಜವು ಗಂಟಲಿನಿಂದ ಅಡ್ಡದಾರಿ ಹಿಡಿದರೆ ಪ್ರಾಣಾಪಾಯ. ನಾಲ್ಕೈದು ವರ್ಷದವರೆಗೆ ಇಡಿಯ ಬೀಜ ಬೇಡವೆಂದು ಮಕ್ಕಳ ವೈದ್ಯರು ಹೇಳುವುದು ಇದಕ್ಕಾಗಿಯೇ. ಸಿಪ್ಪೆಯನ್ನು ಒಡೆಯುವ ಆಟ ಆಡಲಿ. ಬೀಜ ಹಿರಿಯರ ಪಾಲು.

ತಿನ್ನುವ ಮಾತು ಬಂದದ್ದರಿಂದ ಸಾಮಗ್ರಿಯ ಮಾತನ್ನೂ ಮುಗಿಸಿಬಿಡುತ್ತೇನೆ. ಒಂದು ಡಬ್ಬಿ ಮೆತ್ತಗೆ ಕಲಸಿದ ಮೊಸರನ್ನ ಅಥವಾ ಎರಡು ಇಡ್ಲಿ, ಒಂದು ಬಾಳೆಹಣ್ಣು, ನೀರು, ಎರಡು ಜೊತೆ ಬಟ್ಟೆ, ಒಂದು ಹಳೆಯ ಪಂಚೆ. ಹಳೆಯ ಪಂಚೆಯು ಹಾಸಿಗೆ, ಹೊದಿಕೆ, ಒರಸುವ ಬಟ್ಟೆ, ಬಿಸಿಲ ಮರೆ ಎಲ್ಲವೂ ಆಗಬಲ್ಲ ಅದ್ಭುತ ವಸ್ತು. ತಳ್ಳುಗಾಡಿಯನ್ನು ಅಳಿಯ ಬಹಳ ಆಸೆಯಿಂದ ಕೊಂಡುತಂದಿದ್ದನು. ಆದರೆ ನಮ್ಮ ಕಾಲುದಾರಿಗಳಲ್ಲಿ ಹತ್ತು ಮಾರಿಗೊಮ್ಮೆ ಎದ್ದಿರುವ ಚಪ್ಪಡಿಗಳನ್ನೂ, ನಡುವೆ ನಿಂತ ವಿದ್ಯುತ್ ಪೆಟ್ಟಿಗೆಗಳನ್ನೂ, ಮೋಟಾರು ಸೈಕಲ್ಲುಗಳನ್ನೂ ದಾಟುವಾಗ ಗಾಡಿಯನ್ನು ಅಳಿಯನೂ ಮಗುವನ್ನು ನಾನೂ ಹೊರಬೇಕಾಯಿತಾಗಿ, ಈಗ ಅದರಲ್ಲಿ ಈರುಳ್ಳಿ ಇಟ್ಟಿದ್ದಾರೆ. ಮಗುವಿನ ಬಟ್ಟೆ ಬದಲಿಸಲು ಒಂದು ಶುಚಿಯಾದ ಹಲಗೆಯೂ ಇಲ್ಲದಿರುವ ಸಾರ್ವಜನಿಕ ಶೌಚಾಲಯಗಳ ಕುರಿತು ಬರೆಯತೊಡಗಿದರೆ ಲೇಖನದ ಧಾಟಿಯೇ ಬದಲಾಗುವುದು. ಮಕ್ಕಳೊಡನೆ ಹೊರಗೆ ಬರುವವರನ್ನು ನಗರವು ನಾಗರಿಕರೆಂದು ಇನ್ನೂ ಪೂರ್ತಿಯಾಗಿ ಅಂಗೀಕರಿಸಿಲ್ಲವೆಂದಷ್ಟೆ ಹೇಳಿ ನಿಲ್ಲಿಸುತ್ತೇನೆ.

ಮಳೆಗಾಲದಲ್ಲಿ ಏನು ಮಾಡಬೇಕೆಂದು ಕೇಳುವವರಿದ್ದಾರೆ. ಒಂದು ದೊಡ್ಡ ವ್ಯಾಪಾರ ಸಂಕೀರ್ಣದಲ್ಲಿರುವ, ಬಣ್ಣಬಣ್ಣದ ಮೆತ್ತೆಗಳನ್ನೂ ಚೆಂಡುಗಳನ್ನೂ ತುಂಬಿದ ಆಟದ ಕೋಣೆಗೆ ನಾವೂ ಒಮ್ಮೆ ಹೋದೆವು. ಗಂಟೆಯ ಲೆಕ್ಕದಲ್ಲಿ ಹಣ ತೆತ್ತು, ಅವರೇ ಮಾರುವ ಕಾಲುಚೀಲವನ್ನು ಕಡ್ಡಾಯವಾಗಿ ತೊಡಿಸಿ ಒಳಗೆ ಬಿಟ್ಟರೆ, ಮಗು ಬಾಗಿಲಿನಲ್ಲಿಯೇ ಕುಳಿತು, ಕಾಲುಚೀಲವನ್ನು ಬಿಚ್ಚಿ, ಮತ್ತೆ ಹಾಕಲು ಯತ್ನಿಸಿ, ಪುನಃ ಬಿಚ್ಚಿ, ಹೀಗೆ ಆ ಗಂಟೆಯನ್ನು ಏಕಾಗ್ರಚಿತ್ತದಿಂದ ಕಳೆಯಿತು. ನಾನು ಆ ಕೋಣೆಗಳ ವಿರೋಧಿಯಲ್ಲ. ಅಲ್ಲಿ ಬಿದ್ದರೆ ನೋವಾಗುವುದಿಲ್ಲ, ಅದು ದೊಡ್ಡ ಅನುಕೂಲ. ಆದರೆ ಅಲ್ಲಿ ಇರುವೆಯಿಲ್ಲ, ಗಾಳಿಯಿಲ್ಲ, ಉರುಳುವ ಎಲೆಯಿಲ್ಲ. ಎಲ್ಲವೂ ಮೊದಲೇ ಆಟವಾಗಿಬಿಟ್ಟಿರುವುದರಿಂದ ಮಗು ಆಟವಾಗಿಸಬೇಕಾದದ್ದು ಏನೂ ಉಳಿದಿರುವುದಿಲ್ಲ, ಕಾಲುಚೀಲದ ಹೊರತು. ಸಣ್ಣ ಮಳೆಯಾದರೆ ಒಂದು ಕೊಡೆ ಹಿಡಿದು ಬೀದಿಯ ಕೊನೆಯವರೆಗೆ ಹೋಗಿ ಕೊಚ್ಚೆಯನ್ನು ತುಳಿದು ಬರುವುದೇ ನಮ್ಮ ಮಳೆಗಾಲದ ಟಾಟಾ. ಇದಕ್ಕೆ ಮನೆಯಲ್ಲಿ ಹೆಂಗಸರ ಅನುಮತಿ ಇಲ್ಲ. ಹಿತ್ತಲ ಬಾಗಿಲಿನಿಂದ ಹೋಗಿಬರುತ್ತೇವೆ.

ಮೊನ್ನೆ ಆಗಸ್ಟಿನಲ್ಲಿ, ಸ್ವಾತಂತ್ರ್ಯೋತ್ಸವದ ಪುಷ್ಪಪ್ರದರ್ಶನ ಮುಗಿದು ಜನ ಕರಗಿದ ಒಂದು ವಾರದ ಬಳಿಕ, ನಾವಿಬ್ಬರೇ ಮತ್ತೆ ಲಾಲ್‌ಬಾಗಿಗೆ ಹೋದೆವು. ಗಾಜಿನ ಮನೆಯೊಳಗೆ ಬಾಡಿದ ಹೂಗಳನ್ನು ಬುಟ್ಟಿಗೆ ತುಂಬುತ್ತಿದ್ದರು. ಈಗ ವಾಕ್ಯಗಳನ್ನಾಡಲು ಕಲಿತಿರುವ ಮೊಮ್ಮಗಳು ಅತ್ತ ತಿರುಗಿಯೂ ನೋಡದೆ, ಏಳು ತಿಂಗಳ ಹಿಂದಿನ ಆ ಜಾಗಕ್ಕೆ ನನ್ನ ಬೆರಳನ್ನು ಹಿಡಿದು ನೇರವಾಗಿ ಎಳೆದುಕೊಂಡು ಹೋಗಿ, ಒಣಗಿದ್ದ ನಲ್ಲಿಯ ಬುಡವನ್ನು ತೋರಿಸಿ, "ತಾತ, ಕಾಕಾ ಸ್ನಾನ ಮಾಡಲ್ವಾ?" ಎಂದಳು. ಆಸುಪಾಸಿನಲ್ಲಿ ಮಾಲಿಯಾಗಲಿ ಕಾವಲುಗಾರನಾಗಲಿ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡು, ನಾನು ನಲ್ಲಿಯನ್ನು ಒಂದು ಸುತ್ತು ತಿರುಗಿಸಿದೆ. ಅನಂತರ ಇಬ್ಬರೂ ಅಲ್ಲಿಂದ ನಾಲ್ಕು ಮಾರು ಹಿಂದೆ ಸರಿದು, ಕುಕ್ಕರಗಾಲಿನಲ್ಲಿ ಕುಳಿತು, ಕಾಯತೊಡಗಿದೆವು.